ಮೋಟರು ಬಿಚ್ಚೋ ಹಕ್ಕು

ಹಳೇ ಸ್ಲಾಟ್ ಕಾರುಗಳ ಮಾತು ಬಂದರೆ ಎಲ್ಲರೂ ಸ್ಪೀಡಿನ ಲೆಕ್ಕ ಹಾಕ್ತಾರೆ. ನಾನು ನೋಡೋದು ಬೇರೆ: ಮೋಟರು ಕೆಟ್ಟರೆ ಅದನ್ನು ಬಿಚ್ಚೋಕೆ ಆಗುತ್ತಾ?

ಗೊತ್ತಿಲ್ಲದವರಿಗೆ ಹೇಳ್ತೀನಿ. ಟ್ರ್ಯಾಕಿನ ಸೀಳಿನಲ್ಲಿ ಪಿನ್ ಇಳಿಬಿಟ್ಟು, ಪಕ್ಕದ ಲೋಹದ ಪಟ್ಟಿಗಳಿಂದ ಕರೆಂಟ್ ತಗೊಂಡು ಓಡುವ ಆಟಿಕೆ ಕಾರಿದು. 1960ರ ದಶಕದ ಅಮೆರಿಕದಲ್ಲಿ ಇದರದೇ ಹುಚ್ಚು.

ಆಗಿನ ಎರಡು ಮೋಟರುಗಳನ್ನು ಹೋಲಿಸೋಣ. ಮೊದಲನೆಯದು ಜಪಾನಿನ ಮಬುಚಿ 36ಡಿ, 1/24 ಅಳತೆಯ ಕಾರುಗಳಿಗೆ ಹಾಕುತ್ತಿದ್ದದ್ದು. ಉಕ್ಕಿನ ತಗಡಿನ ಡಬ್ಬಿ, ಒಂದು ಬದಿಗೆ ಪ್ಲಾಸ್ಟಿಕ್ ಮುಚ್ಚಳ. ಅಗ್ಗದ ಮಾಲು ಅಂತ ಮೂಗು ಮುರಿಯಬೇಡಿ. ಆ ತಗಡು ಮೂರು ಕೆಲಸ ಮಾಡುತ್ತೆ: ಒಳಗಿನದನ್ನು ಮುಚ್ಚುತ್ತೆ, ಬೇರಿಂಗ್ ಹಿಡಿಯುತ್ತೆ, ಎರಡು ಅಯಸ್ಕಾಂತಗಳ ನಡುವೆ ಕಾಂತಕ್ಷೇತ್ರಕ್ಕೆ ದಾರಿಯೂ ಆಗುತ್ತೆ. ರೇಸಿನ ಹುಚ್ಚಿನವರು ದಪ್ಪ ತಂತಿ ಸುತ್ತಿ ಹೆಚ್ಚು ಕರೆಂಟ್ ಎಳೆದಾಗ ಮಾತ್ರ ಆ ಮುಚ್ಚಳ ಬಿಸಿಗೆ ಮೆತ್ತಗಾಗುತ್ತಿತ್ತು. ಅದು ಡಿಸೈನಿನ ತಪ್ಪಲ್ಲ. ಆ ಕೆಲಸಕ್ಕೆ ಅದನ್ನು ಮಾಡಿರಲೇ ಇಲ್ಲ.

ಎರಡನೆಯದು 1963ರ ಅರೋರಾ ಥಂಡರ್‌ಜೆಟ್ 500. ಇಡೀ ಕಾರು ಅಂಗೈಯಲ್ಲಿ ಮುಚ್ಚಿಹೋಗುತ್ತೆ. ಉದ್ದನೆ ಮೋಟರಿಗೆ ಜಾಗವಿಲ್ಲದ್ದಕ್ಕೆ ಆರ್ಮೇಚರನ್ನೇ ದೋಸೆ ಥರ ಚಪ್ಪಟೆ ಮಾಡಿ ಮಲಗಿಸಿದ್ದಾರೆ. ಮೋಟರಿಗೆ ಬೇರೆ ಡಬ್ಬಿ ಇಲ್ಲ, ಕಾರಿನ ಷಾಸಿಯೇ ಡಬ್ಬಿ. ಆದರೆ ಶಾಫ್ಟ್ ನೆಟ್ಟಗೆ ನಿಂತಿರೋದರಿಂದ ಮೇಲೆ ಗೇರುಗಳ ಸಾಲು, ಹಿಂದಿನ ಆ್ಯಕ್ಸಲ್ ಹತ್ತಿರ ತೊಂಬತ್ತು ಡಿಗ್ರಿ ತಿರುವು. ಇಷ್ಟು ಸುತ್ತಿ ಬರುವಷ್ಟರಲ್ಲಿ ಒಂದಷ್ಟು ಶಕ್ತಿ ಉಜ್ಜಾಟದಲ್ಲೇ ಹೋಗುತ್ತೆ. ಇಂಜಿನಿಯರಾಗಿ ಮಾರ್ಕ್ಸ್ ಕೊಡೋದಾದರೆ ಮಬುಚಿಗೇ ಕೊಡಬೇಕು.

ಆದರೂ ನನ್ನ ಓಟು ಥಂಡರ್‌ಜೆಟ್‌ಗೆ. ಚಿಕ್ಕವನಿದ್ದಾಗ ಊರಲ್ಲಿ ಕೆಟ್ಟ ಟೇಪ್ ರೆಕಾರ್ಡರಿನಿಂದ ಅಂಥದ್ದೇ ಡಬ್ಬಿ ಮೋಟರು ಕಿತ್ತು, ತಗಡಿನ ಅಂಚು ಎಬ್ಬಿಸಿದ್ದೆ. ಬ್ರಶ್ಶುಗಳು ವಾಪಸ್ ಕೂರಲೇ ಇಲ್ಲ. ನನ್ನ ಕೈಯೇ ಸರಿಯಿಲ್ಲ ಅಂತ ಎಷ್ಟೋ ವರ್ಷ ನಂಬಿದ್ದೆ. ಮೊನ್ನೆ ಸೆಕೆಂಡ್ ಹ್ಯಾಂಡ್ ಥಂಡರ್‌ಜೆಟ್ ಒಂದನ್ನು ಬಿಚ್ಚಿದೆ. ಕ್ಲಿಪ್ ತೆಗೆದರೆ ಗೇರ್ ಪ್ಲೇಟು, ಆರ್ಮೇಚರು, ಅಯಸ್ಕಾಂತ, ಬ್ರಶ್ಶು ಒಂದೊಂದಾಗಿ ಕೈಗೆ ಬಂದವು. ಬೆಸುಗೆ ಬಿಡಿಸೋ ಗೋಜಿಲ್ಲ. ಜೋಡಿಸುವಾಗ ಎರಡು ಅಯಸ್ಕಾಂತಗಳನ್ನು ಅದಲುಬದಲು ಮಾಡಿಟ್ಟೆ. ಕಾರು ಹಿಂದಕ್ಕೆ ಓಡಿತು! ನಕ್ಕು, ಸರಿ ಮಾಡಿದೆ.

ತಪ್ಪು ಮಾಡಿದವನಿಗೆ ಇನ್ನೊಂದು ಅವಕಾಶ ಕೊಡೋದೂ ಡಿಸೈನಿನ ಕೆಲಸ ಅಂತ ಕಾಲೇಜಿನಲ್ಲಿ ನನಗೆ ಯಾರೂ ಹೇಳಿರಲಿಲ್ಲ. ಆಫೀಸಿನಲ್ಲಿ ನಾನು ಬರೆಯೋ ಕೋಡು ಮಾತ್ರ ಇನ್ನೂ ಆ ತಗಡಿನ ಡಬ್ಬಿ ಥರಾನೇ ಇದೆ.