ಬೀರು, ಕುಕ್ಕರ್ ಮತ್ತು ಕೆಂಪು ಧೂಳು

ಹಳೆಯ ಸುಧಾ, ಪ್ರಜಾಮತ, ಮಯೂರದ ಸಂಚಿಕೆ ಕೈಗೆ ಸಿಕ್ಕರೆ ಎಲ್ಲರೂ ಕತೆ ಓದುತ್ತಾರೆ, ಧಾರಾವಾಹಿ ಓದುತ್ತಾರೆ, ಜಾಹೀರಾತನ್ನು ಮಗುಚಿ ಹಾಕುತ್ತಾರೆ. ನಮ್ಮ ವಿಮರ್ಶಕರೂ ಹಾಗೇ. ಕಾದಂಬರಿಯಲ್ಲಿ ದಲಿತ ಪಾತ್ರ ಎಲ್ಲಿದೆ ಅಂತ ಹುಡುಕಿದವರು, ಎದುರು ಪುಟದ ಬೀರು, ಕುಕ್ಕರ್, ಸೋಪಿನ ಪುಡಿಯ ಚಿತ್ರದಲ್ಲಿ ಯಾರಿದ್ದಾರೆ ಅಂತ ಕೇಳಲಿಲ್ಲ. ಕೇಳಬೇಕು. ೧೯೬೫ರಲ್ಲಿ ಸುಧಾ ಶುರುವಾದ ಮೇಲೆ, ಮನೆ ಅಂದರೆ ಹೀಗಿರಬೇಕು ಎಂದು ಹಳ್ಳಿಯ ಮೇಷ್ಟರಿಗೂ ಪಾಠ ಹೇಳಿದ್ದರಲ್ಲಿ ಈ ಚಿತ್ರಗಳ ಪಾಲು ದೊಡ್ಡದು.

ಆ ಮನೆಯಲ್ಲಿ ಬಹುಮಟ್ಟಿಗೆ ಇರುವವರು ಮೂರು ನಾಲ್ಕು ಜನ. ಕುಂಕುಮವಿಟ್ಟು ಹೂ ಮುಡಿದ ಹೆಂಡತಿ, ಆಫೀಸಿನಿಂದ ಬಂದ ಗಂಡ, ಬಿಳಿ ಅಂಗಿಯ ಮಕ್ಕಳು. ಹೆಸರು ‘ಗೃಹಿಣಿ’. ನಮ್ಮ ಕಡೆ ಯಾವ ಹೆಣ್ಣುಮಗಳು ತನ್ನನ್ನು ತಾನು ಗೃಹಿಣಿ ಅಂತ ಕರಕೊಂಡಾಳು? ಸಂಸ್ಕೃತದಲ್ಲಿ ಹುಟ್ಟಿ ಕನ್ನಡಕ್ಕೆ ಇಳಿದ ಆ ಮಾತಿಗೆ ಕೇರಿಯ ವಾಸನೆಯೇ ಇಲ್ಲ.

ಆ ಪುಟಗಳನ್ನು ತೋರಣಗಲ್ಲಿಗೆ ತಂದು ಓದಿ ನೋಡೋಣ. ಕುಕ್ಕರು ಅನ್ನ-ಬೇಳೆಯ ಅಡಿಗೆಮನೆಯದು. ಅದರಲ್ಲಿ ಜೋಳದ ರೊಟ್ಟಿ ಬೇಯುವುದಿಲ್ಲ. ದಿನಾ ಹೊಗೆಯಲ್ಲಿ ಕೂತು ರೊಟ್ಟಿ ಬಡಿಯುವ ಕೈಗೆ ಬಿಡುವು ಕೊಡುವ ಸಾಮಾನು ಅಲ್ಲಿಲ್ಲ. ಹೆಂಡತಿಯನ್ನು ಪ್ರೀತಿಸುವ ಗಂಡ ಪ್ರೆಸ್ಟೀಜ್ ಬೇಡ ಅಂತಾನೆಯೇ ಎಂಬರ್ಥದ ಹಿಂದಿ ಘೋಷಣೆ ದೇಶಕ್ಕೆಲ್ಲ ಗೊತ್ತು. ಗಂಡ ಕೊಡಿಸಬೇಕು, ಹೆಂಡತಿ ನಗಬೇಕು. ಸಂಡೂರು-ಹೊಸಪೇಟೆ ಗಣಿಗಳಲ್ಲಿ ಅದಿರು ಒಡೆದು, ಬುಟ್ಟಿ ಹೊತ್ತು, ಸ್ವಂತ ಕೂಲಿ ತಂದ ಹೆಣ್ಣಿಗೆ ಈ ಲೆಕ್ಕದಲ್ಲಿ ಜಾಗ ಎಲ್ಲಿ?

ಸೋಪಿನ ಪುಡಿಯ ಮಾತು ಇನ್ನೂ ಸೂಕ್ಷ್ಮ. ೧೯೫೯ರಲ್ಲಿ ಸರ್ಫ್ ಬಂತು, ೧೯೬೯ರಲ್ಲಿ ನಿರ್ಮಾ. ಎರಡೂ ಮಾರಿದ್ದು ಬಿಳುಪನ್ನು. ಜಾಹೀರಾತಿನ ಕೊಳೆ ಮಕ್ಕಳ ಆಟದ ಕೊಳೆ, ಶಾಯಿಯ ಕೊಳೆ. ಸಂಡೂರಿನ ಕೊಳೆ ದುಡಿಮೆಯದು. ಲಾರಿ ಹೋದ ದಾರಿಯ ಗಿಡ, ಗೋಡೆ, ಬಟ್ಟೆ ಎಲ್ಲ ಕೆಂಪು. ಕೆರೆಯ ನೀರು ಮುಟ್ಟಬೇಡ ಅಂದವರೇ ‘ಇವರು ಕೊಳಕರು’ ಅಂದ ಈ ನಾಡಿನಲ್ಲಿ, ಬಿಳುಪು ಬರೀ ಬಟ್ಟೆಯ ವಿಷಯ ಆಗಿತ್ತೇ?

ಇನ್ನು ಬೀರು. ಗೋದ್ರೆಜ್ ಉಕ್ಕಿನ ಬೀರು ಮಾಡಲು ತೊಡಗಿದ್ದು ೧೯೨೩ರಲ್ಲಿ. ಪಟ್ಟಣದಲ್ಲಿ ಅದು ಮದುವೆಯ ಉಡುಗೊರೆಯಾಯಿತು. ಚಿತ್ರದಲ್ಲಿ ಬಾಗಿಲು ತೆರೆದರೆ ರೇಷ್ಮೆ ಸೀರೆ, ಒಡವೆ. ನಮ್ಮ ಅದಿರು ರೈಲು ಹತ್ತಿ ಮದರಾಸು ಬಂದರಿಗೆ, ಅಲ್ಲಿಂದ ಜಪಾನಿಗೆ ಹೋಗುತ್ತಿದ್ದ ಕಾಲ ಅದು. ೧೯೭೧ರಲ್ಲಿ ಇಂದಿರಾ ಗಾಂಧಿ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಹಾಕಿದರು. ಸರ್ಕಾರದ ಕಾರ್ಖಾನೆ ಏಳಲೇ ಇಲ್ಲ. ೧೯೯೪ರಲ್ಲಿ ಜಿಂದಾಲರ ಖಾಸಗಿ ಕಂಪನಿ ಹುಟ್ಟಿತು. ನಡುವಿನ ಇಪ್ಪತ್ತಮೂರು ವರ್ಷ ಪತ್ರಿಕೆಯಲ್ಲಿ ಬೀರು, ಊರಲ್ಲಿ ಕಲ್ಲು. ಕೇರಿಯ ಗುಡಿಸಲಲ್ಲಿ ಇದ್ದದ್ದು ಒಂದು ತಗಡಿನ ಟ್ರಂಕು. ಅದರಲ್ಲಿ ರೇಷನ್ ಕಾರ್ಡು, ಮಗನ ಜಾತಿ ಸರ್ಟಿಫಿಕೇಟು. ಅದಕ್ಕೂ ಬೀಗ ಇತ್ತು.

ಹಾಗಾದರೆ ಈ ಸಾಮಾನುಗಳೇ ಬೇಡ ಅನ್ನೋಣವೇ? ಹಾಗೆ ಅನ್ನುವ ಪಂಡಿತರು ಬಹಳ. ಕೊಳ್ಳುಬಾಕತನ ಅಂತ ಬೈಯುತ್ತಾರೆ, ಸರಳ ಬದುಕು ಅಂತ ಹಾಡುತ್ತಾರೆ. ಅವರ ಮನೆಯಲ್ಲಿ ಬೀರೂ ಇದೆ, ಕುಕ್ಕರೂ ಇದೆ. ಹಳೆ ಸೀರೆಯ ತುಂಡು ಹೊಲಿದ ಕೌದಿ ಅವರಿಗೆ ಗೋಡೆಯ ಮೇಲಿನ ಕಲೆ. ಅದನ್ನೇ ಹಾಸಿ ಹೊದ್ದವರಿಗೆ ಅದು ಚಳಿಯ ಉತ್ತರ. ೧೯೨೭ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ನಮ್ಮ ತಾಯಂದಿರಿಗೆ ಹೇಳಿದ್ದು ಬೇರೆ. ಅಸ್ಪೃಶ್ಯರೆಂದು ಗುರುತು ಹಿಡಿಸುವ ಉಡುಗೆ-ಒಡವೆ ಬಿಡಿ, ಸೀರೆಯನ್ನು ಮೇಲುಜಾತಿಯ ಹೆಂಗಸರಂತೆ ಉಡಿ, ಶುಚಿಯಾಗಿರಿ ಎಂದರು. ಒಳ್ಳೆಯ ಸೀರೆಯ ಆಸೆ ತಪ್ಪು ಅನ್ನಲಿಲ್ಲ, ಅದನ್ನು ಹಕ್ಕು ಮಾಡಿದರು.

ಆದ್ದರಿಂದ ನಮ್ಮ ಜಗಳ ಕುಕ್ಕರಿನ ಮೇಲಲ್ಲ. ಅದಿರು ತೆಗೆದವಳನ್ನು, ಬಟ್ಟೆ ಒಗೆದವಳನ್ನು ಚೌಕಟ್ಟಿನ ಹೊರಗೆ ನಿಲ್ಲಿಸಿ ‘ಇದೇ ಮನೆ’ ಅಂದ ಚಿತ್ರದ ಮೇಲೆ. ೧೯೮೦ರಲ್ಲಿ ಶುರುವಾದ ಲಂಕೇಶ್ ಪತ್ರಿಕೆ ಜಾಹೀರಾತಿಲ್ಲದೆ ಓದುಗರ ದುಡ್ಡಿನಲ್ಲೇ ನಿಂತು ತೋರಿಸಿತು. ಅದು ದೊಡ್ಡದು. ಆದರೆ ಜಾಹೀರಾತು ಬಿಟ್ಟರೆ ಸಾಲದು, ಅದನ್ನು ಓದಲೂ ಬೇಕು. ಹಳ್ಳಿಯ ಮೇಷ್ಟರು ಹಳೆಯದೊಂದು ಸಂಚಿಕೆಯನ್ನು ತರಗತಿಗೆ ಒಯ್ಯಲಿ. ಈ ಮನೆಯ ಪಾತ್ರೆ ತೊಳೆದವರು ಯಾರು, ಈ ತಗಡಿನ ಕಬ್ಬಿಣ ಯಾರ ನೆಲದ್ದು ಅಂತ ಮಕ್ಕಳನ್ನು ಕೇಳಲಿ. ಗಣಿಯ ಮಕ್ಕಳಿಗೆ ಉತ್ತರ ಗೊತ್ತಿದೆ.