ಓಲೆಗರಿಯ ವಿಡಿಯೊ ದಾಖಲೆ ಮತ್ತು ಅಕ್ಷರದ ಸ್ಪಷ್ಟತೆ

ಗ್ರಂಥಸಂಪಾದನೆಯಲ್ಲಿ ಒಂದು ಪದದ ಲೋಪ ಎಂತಹ ಪರಿಣಾಮವನ್ನು ಉಂಟುಮಾಡಬಲ್ಲದೆಂಬುದಕ್ಕೆ ಷಟ್ಖಂಡಾಗಮದ ಪ್ರಕಟಣೆಯ ಇತಿಹಾಸವೇ ಸಾಕ್ಷಿ. ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ, ಧವಲಾಟೀಕೆಯೊಡನೆ ಅದರ ಮೊದಲ ಸಂಪುಟ 1939ರಲ್ಲಿ ಹೊರಬಂದಾಗ ಸಂಪಾದಕರ ಮುಂದಿದ್ದುವು ಮೂಡಬಿದಿರೆಯ ಮೂಲ ಓಲೆಗರಿಗಳಲ್ಲ, ಪ್ರತಿಯ ಪ್ರತಿಗಳು. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ಆ ಪ್ರತಿಗಳು ‘ಸಂಜದ’ ಎಂಬ ಪದವನ್ನು ಬಿಟ್ಟಿದ್ದುವು. ಪದ ಅಲ್ಲಿರಬೇಕೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಮುಂದೆ ಮೂಡಬಿದಿರೆಯ ಗರಿಗಳೊಡನೆ ತಾಳೆ ನೋಡಿದಾಗ ಅದು ಅಲ್ಲಿ ದೊರೆಯಿತು. ಆ ಒಂದು ಪದವನ್ನು ಕುರಿತು ಸ್ತ್ರೀಮುಕ್ತಿಯ ಪ್ರಶ್ನೆಯವರೆಗೂ ಸಾಗಿದ ದೀರ್ಘ ವಾಗ್ವಾದ ನಡೆಯಿತು. ಮೂಲಗರಿ ಉಳಿದಿದ್ದುದರಿಂದಲೇ ಪಾಠವನ್ನು ಪರೀಕ್ಷಿಸುವುದು ಸಾಧ್ಯವಾಯಿತು. ಗರಿ ನಶಿಸಿ, ಅದರ ಚಿತ್ರವೊಂದೇ ಉಳಿಯುವ ಕಾಲಕ್ಕೆ ಆ ಚಿತ್ರವೇ ಮಾತೃಕೆಯ ಸ್ಥಾನವನ್ನು ಪಡೆಯುತ್ತದೆ. ಆದುದರಿಂದ ಚಿತ್ರದ ಸ್ಪಷ್ಟತೆ ಪಾಠನಿರ್ಣಯದ ಒಂದು ಅಂಗವೆಂದೇ ಭಾವಿಸಬೇಕು.

ನಿಕಾನ್ ಡಿ90 ಮತ್ತು ಕ್ಯಾನನ್ ಇಒಎಸ್ 5ಡಿ ಮಾರ್ಕ್ 2 ಎಂಬ ಡಿಎಸ್‌ಎಲ್‌ಆರ್ ಕ್ಯಾಮರಾಗಳು 2008ರಲ್ಲಿ ಬಂದ ಮೇಲೆ ವಿಡಿಯೊ ಚಿತ್ರೀಕರಣ ಸುಲಭಸಾಧ್ಯವಾಯಿತು. ಗರಿಗಳನ್ನು ಒಂದೊಂದಾಗಿ ಮಗುಚುತ್ತ ಇಡೀ ಕಟ್ಟನ್ನು ವಿಡಿಯೊದಲ್ಲಿ ಹಿಡಿದುಬಿಟ್ಟರೆ ದಾಖಲೆ ಪೂರ್ಣವಾಯಿತೆಂಬ ಭಾವನೆಗೂ ಇದರಿಂದ ಎಡೆಯಾಗುತ್ತದೆ. ಈ ಭಾವನೆ ಪರೀಕ್ಷೆಗೆ ನಿಲ್ಲುವುದಿಲ್ಲ. ಮಾರ್ಕ್ 2 ಕ್ಯಾಮರಾದ ಸ್ಥಿರಚಿತ್ರದ ಅಗಲ 5616 ಪಿಕ್ಸೆಲ್. ಅದರ ವಿಡಿಯೊದ ಅಗಲ 1920 ಮಾತ್ರ. 60 ಸೆಂ.ಮೀ. ಉದ್ದದ ಗರಿಯೊಂದನ್ನು ಇಡಿಯಾಗಿ ಹಿಡಿದರೆ ಸ್ಥಿರಚಿತ್ರದಲ್ಲಿ ಸೆಂಟಿಮೀಟರಿಗೆ ಸುಮಾರು 94 ಪಿಕ್ಸೆಲ್ ದೊರೆತರೆ, ವಿಡಿಯೊದಲ್ಲಿ ದೊರೆಯುವುದು 32. ಒಂದು ಮಿಲಿಮೀಟರ್ ಅಗಲದ ಸೊನ್ನೆಗೆ ಮೂರೇ ಪಿಕ್ಸೆಲ್! 2016ರಲ್ಲಿ ಬಂದ ಮಾರ್ಕ್ 4 ಕ್ಯಾಮರಾದ 4096 ಪಿಕ್ಸೆಲ್ ಅಗಲದ ವಿಡಿಯೊ ಕೂಡ ಇಲ್ಲಿ 68ನ್ನು ದಾಟುವುದಿಲ್ಲ.

ಕನ್ನಡ ಲಿಪಿಯ ಪ್ರಾಕೃತ ಪ್ರತಿಗಳಲ್ಲಿ ಸೊನ್ನೆಯು ಅನುಸ್ವಾರವನ್ನು ಮಾತ್ರವಲ್ಲದೆ ಮುಂದಿನ ವ್ಯಂಜನದ ದ್ವಿತ್ವವನ್ನೂ ಸೂಚಿಸುವುದುಂಟು. ಸೊನ್ನೆ ಮಸುಕಾದರೆ ಪದವೇ ಬೇರೆಯಾದೀತು. ದಕಾರ ಧಕಾರಗಳ ಭೇದವೂ ಒಂದು ಸಣ್ಣ ಸೀಳಿನಲ್ಲಿ ನಿಂತಿದೆ. ಇದಕ್ಕೆ ಪರಿಹಾರ ದುಬಾರಿ ಕ್ಯಾಮರಾ ಅಲ್ಲ; ಗರಿಯನ್ನು ಭಾಗಗಳಾಗಿ ವಿಂಗಡಿಸಿಕೊಂಡು ಹತ್ತಿರದಿಂದ ಹಿಡಿಯುವುದು. 15 ಸೆಂ.ಮೀ. ಭಾಗವೊಂದು ಚೌಕಟ್ಟನ್ನು ತುಂಬಿದರೆ ಅದೇ ಸೊನ್ನೆಗೆ ಹದಿಮೂರು ಪಿಕ್ಸೆಲ್ ದೊರೆಯುತ್ತವೆ. ಒಂದು ಭಾಗದ ಅಂಚು ಮುಂದಿನ ಭಾಗದಲ್ಲಿಯೂ ಬರುವಂತೆ ನೋಡಿಕೊಂಡರೆ ಅಕ್ಷರಲೋಪಕ್ಕೆ ಅವಕಾಶವಿರುವುದಿಲ್ಲ.

ಲೆನ್ಸಿನ ವಿಷಯದಲ್ಲಿಯೂ ಇಂತಹದೇ ವಿವೇಕ ಅಗತ್ಯ. ಹಳೆಯ ಗರಿ ಸಮತಲವಾಗಿರುವುದಿಲ್ಲ. ಅದನ್ನು ಒತ್ತಿ ಹಿಡಿದರೆ ಮುರಿಯುತ್ತದೆ. ಅಪರ್ಚರನ್ನು ಎಫ್/2.8ರಷ್ಟು ತೆರೆದರೆ ಗರಿಯ ನಡುಭಾಗ ಸ್ಪಷ್ಟವಾಗಿ, ಬಾಗಿದ ಅಂಚು ಮಸುಕಾದೀತು. ಎಫ್/16ನ್ನು ಮೀರಿ ಕಿರಿದುಗೊಳಿಸಿದರೆ ಬೆಳಕಿನ ವಿವರ್ತನೆಯಿಂದ ಚಿತ್ರವೆಲ್ಲ ಮೃದುವಾಗುತ್ತದೆ. ಹತ್ತಿರದ ಚಿತ್ರಕ್ಕೆಂದೇ ರಚಿತವಾದ ಮ್ಯಾಕ್ರೊ ಲೆನ್ಸ್, ಎಫ್/8ರ ಆಸುಪಾಸಿನ ಅಪರ್ಚರ್, ಗರಿಗೆ ಸಮಾನಾಂತರವಾಗಿ ಟ್ರೈಪಾಡಿನ ಮೇಲೆ ನಿಂತ ಕ್ಯಾಮರಾ, ಪರದೆಯಲ್ಲಿ ಹತ್ತು ಪಟ್ಟು ಹಿಗ್ಗಿಸಿ ನೋಡಿ ಕೈಯಿಂದಲೇ ಮಾಡಿದ ಫೋಕಸ್ ಇವಿಷ್ಟು ಕೂಡಿದರೆ ಸಾಧಾರಣ ಕ್ಯಾಮರಾದಿಂದಲೂ ಓದಬಲ್ಲ ಚಿತ್ರ ಬರುತ್ತದೆ. ಬೆಳಕು ಸಾಲದೆಂದು ಐಎಸ್‌ಒ ಏರಿಸುವುದು ಸರಿಯಲ್ಲ. ಆಗ ಮೂಡುವ ಕಣಗಳನ್ನು ಅಳಿಸಹೊರಟ ಕ್ಯಾಮರಾ ಅಕ್ಷರದ ಸೂಕ್ಷ್ಮರೇಖೆಗಳನ್ನೂ ಅಳಿಸುತ್ತದೆ.

ಎಲ್ಲಕ್ಕಿಂತ ಅಪಾಯಕರವಾದುದು ಕೃತಕ ತೀಕ್ಷ್ಣತೆ. ಕ್ಯಾಮರಾದ ‘ಶಾರ್ಪ್‌ನೆಸ್’ ಅಂಶವನ್ನು ಏರಿಸಿದಾಗ ಇಲ್ಲದ ವಿವರ ಹುಟ್ಟುವುದಿಲ್ಲ. ಕಪ್ಪು ಬಿಳುಪುಗಳ ಅಂಚು ಮಾತ್ರ ಗಾಢವಾಗಿ, ಅದರ ಸುತ್ತ ಬೆಳ್ಳನೆಯ ಗೆರೆಯೊಂದು ಏಳುತ್ತದೆ. ನೋಟಕ್ಕೆ ಚೆಲುವಾದ ಈ ಚಿತ್ರದಲ್ಲಿ ಹುಳು ಕೊರೆದ ರಂಧ್ರವೂ ಸೊನ್ನೆಯಂತೆ ತೋರೀತು. ಇದಲ್ಲದೆ ಆರಂಭಕಾಲದ ಡಿಎಸ್‌ಎಲ್‌ಆರ್‌ಗಳು ವಿಡಿಯೊಗಾಗಿ ಸಂವೇದಕದ ಸಾಲುಗಳನ್ನು ನಡುನಡುವೆ ಬಿಟ್ಟು ಓದುತ್ತಿದ್ದುವು. ತಾಳೆಗರಿಯ ಉದ್ದಕ್ಕೂ ಸಾಗುವ ಸಮಾನಾಂತರ ನರಗಳ ಮೇಲೆ ಇದರಿಂದ ಮೂಲದಲ್ಲಿಲ್ಲದ ಪಟ್ಟೆಗಳು ಮೂಡಬಹುದು. ಲಿಪಿಕಾರನು ತನಗೆ ತಿಳಿಯದ ಅಕ್ಷರವನ್ನು ಊಹಿಸಿ, ಊಹೆಯೆಂಬ ಗುರುತನ್ನಿಡದೆ ಬರೆದುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಮಸುಕಾದ ಚಿತ್ರ ತನ್ನ ದೋಷವನ್ನು ತಾನೇ ಹೇಳಿಕೊಳ್ಳುತ್ತದೆ. ಕೃತಕವಾಗಿ ತೀಕ್ಷ್ಣಗೊಂಡ ಚಿತ್ರ ಅದನ್ನು ಮರೆಮಾಚುತ್ತದೆ. ತೀಕ್ಷ್ಣತೆಯನ್ನು ಕನಿಷ್ಠದಲ್ಲಿಟ್ಟು ಚಿತ್ರೀಕರಿಸಿ, ಅಗತ್ಯವೆನಿಸಿದರೆ ನಕಲಿನ ಮೇಲೆ ಮಾತ್ರ ಸಂಸ್ಕಾರ ನಡೆಸುವುದೇ ಯುಕ್ತ.

ಹಾಗೆಂದು ವಿಡಿಯೊ ನಿಷ್ಪ್ರಯೋಜಕವಲ್ಲ. ಕಂಟದಿಂದ ಕೊರೆದು, ಮಸಿ ಅಳಿಸಿಹೋದ ಗರಿಯಲ್ಲಿ ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಅಕ್ಷರದ ತಗ್ಗು ಕಾಣುತ್ತದೆ. ಒಂದು ಕೋನದಲ್ಲಿ ಅಡಗಿದ ರೇಖೆ ಇನ್ನೊಂದರಲ್ಲಿ ಎದ್ದುಬರುತ್ತದೆ. ಕ್ಯಾಮರಾ ಮತ್ತು ಗರಿಗಳನ್ನು ಅಲುಗಿಸದೆ ದೀಪವನ್ನು ಮಾತ್ರ ನಿಧಾನವಾಗಿ ಸರಿಸುತ್ತ ತೆಗೆದ ವಿಡಿಯೊ, ಒಂಟಿ ಸ್ಥಿರಚಿತ್ರ ತೋರಲಾರದುದನ್ನು ತೋರುತ್ತದೆ. ಹುಳುವಿನ ರಂಧ್ರವಾವುದು, ಕಂಟದ ಗುರುತಾವುದು ಎಂಬ ನಿರ್ಣಯ ಅಲ್ಲಿ ಸುಲಭ. ಕಟ್ಟಿನ ಗರಿಗಳ ಅನುಕ್ರಮಕ್ಕೂ ವಿಡಿಯೊ ಉತ್ತಮ ಸಾಕ್ಷಿ. ಪಾಠಕ್ಕೆ ಸ್ಥಿರಚಿತ್ರ, ಸಂದಿಗ್ಧಸ್ಥಳಗಳಿಗೆ ವಿಡಿಯೊ ಎಂಬ ವಿಭಾಗ ಇದರಿಂದ ಸಿದ್ಧವಾಗುತ್ತದೆ.

ಪ್ರತಿ ಮಾಡಿದ ಕಾಲವನ್ನೂ ತನ್ನ ಹೆಸರನ್ನೂ ಪುಷ್ಪಿಕೆಯಲ್ಲಿ ತಿಳಿಸಿ, ಕಂಡಂತೆ ಬರೆದುದಾಗಿ ನಿವೇದಿಸಿಕೊಳ್ಳುವುದು ಲಿಪಿಕಾರರ ರೂಢಿ. ಕ್ಯಾಮರಾದ ಪ್ರತಿಗೂ ಇಂತಹ ಪುಷ್ಪಿಕೆ ಬೇಕು. ಲೆನ್ಸ್, ಅಪರ್ಚರ್, ಬೆಳಕಿನ ದಿಕ್ಕು, ಚೌಕಟ್ಟಿನಲ್ಲಿಟ್ಟ ಅಳತೆಪಟ್ಟಿ, ಮುಂದೆ ನಡೆದ ಸಂಸ್ಕಾರ ಇವೆಲ್ಲ ಅದರಲ್ಲಿ ನಮೂದಾಗಿರತಕ್ಕದ್ದು. ಅದಿಲ್ಲದ ವಿಡಿಯೊ ಎಷ್ಟೇ ಹೊಳಪಾಗಿದ್ದರೂ, ಮುಂದಿನ ಸಂಪಾದಕನ ಪಾಲಿಗೆ ಮೂಲವನ್ನು ಕಾಣದವನು ಮಾಡಿದ ಪ್ರತಿಯ ಪ್ರತಿಯಾಗಿಯೇ ಉಳಿಯುತ್ತದೆ.