ನಗು ಯಾರ ಮೇಲೆ ಬೀಳುತ್ತೆ?

"ಏನಾದ್ರೂ ಒಳ್ಳೇದಿದ್ರೆ ಹೇಳ್ರೀ, ಆದ್ರೆ ಗೋಳು ಬೇಡ." ನೋಡೋದಕ್ಕೋ ಓದೋದಕ್ಕೋ ಹೊಸದೇನಾದರೂ ಕೇಳುವವರಲ್ಲಿ ಮುಕ್ಕಾಲು ಜನ ಈ ಷರತ್ತು ಹಾಕಿಯೇ ಕೇಳುತ್ತಾರೆ. ಕನ್ನಡದಲ್ಲಿ ಪ್ರಶಸ್ತಿ ಬಂದದ್ದು ಅಂದರೆ ಸುರಿಯುವ ಮಳೆ, ಮಾತಾಡದ ಹೆಂಗಸು, ಹಾಳುಬಿದ್ದ ಮನೆ. ನಗಬೇಕು ಅಂದ್ರೆ ಬೇರೆ ಕಡೆ ಹೋಗಬೇಕು ಅನ್ನೋದು ಅವರ ಲೆಕ್ಕ. ಅವರನ್ನು ಬೈಯೋದಕ್ಕಾಗಲ್ಲ. ಇಡೀ ದಿನ ಆಫೀಸಿನಲ್ಲಿ ಹಣ್ಣಾಗಿ ಬಂದವರ ಮುಂದೆ ಮೂರು ಗಂಟೆ ಮೌನವನ್ನು ಇಟ್ಟರೆ ಅವರು ನಿದ್ದೆ ಹೋಗುವುದು ನ್ಯಾಯವೇ.

ಆದರೆ ನಗು ಒಂದು ಡಬ್ಬಿ, ಗಂಭೀರ ಇನ್ನೊಂದು ಡಬ್ಬಿ ಅನ್ನೋ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಈ ವಿಂಗಡಣೆಯನ್ನು ನಮಗೆ ಕಲಿಸಿದ್ದು ನಮ್ಮ ಸಿನಿಮಾಗಳ ಕಾಮಿಡಿ ಟ್ರ್ಯಾಕು. ಕಥೆ ಒಂದು ಕಡೆ ನಡೀತಿರುತ್ತೆ, ನಡುನಡುವೆ ಹೀರೋನ ಸ್ನೇಹಿತ ಬಂದು ಕಪಾಳಕ್ಕೆ ಹೊಡೆಸಿಕೊಂಡು ಹೋಗ್ತಾನೆ. ಅಲ್ಲಿ ನಗಿಸೋದಕ್ಕೆ ದಪ್ಪಗಿರುವವರು ಬೇಕು, ತೊದಲುವವರು ಬೇಕು, ಮನೆಗೆಲಸದವರು ಬೇಕು. ಅದೂ ಸಾಲದಿದ್ದರೆ ಹಳ್ಳಿ ಭಾಷೆ ಬೇಕು. ಮಂಡ್ಯ ಕಡೆಯವನಾದ ನನಗೆ ಇದು ಚೆನ್ನಾಗಿ ಗೊತ್ತು. ನಮ್ಮ ಮಾತು ಪರದೆ ಮೇಲೆ ಕೇಳಿತು ಅಂದರೆ ಬಹಳ ಸಲ ಒಂದೋ ರೌಡಿ ಬಂದ, ಇಲ್ಲಾ ಪೆದ್ದ ಬಂದ ಅಂತಲೇ ಅರ್ಥ.

ಹಾಗಾಗಿ ಯಾವುದನ್ನಾದರೂ ಇನ್ನೊಬ್ಬರಿಗೆ ಹೇಳುವ ಮೊದಲು ನಾನು ಒಂದೇ ಪ್ರಶ್ನೆ ಕೇಳಿಕೊಳ್ತೀನಿ: ಇಲ್ಲಿ ನಗು ಯಾರ ಮೇಲೆ ಬೀಳುತ್ತೆ? ಈ ಪ್ರಶ್ನೆಯಲ್ಲಿ ಪಾಸಾದ, ಗೋಳಿಲ್ಲದ, ಆದರೆ ಹಗುರವೂ ಅಲ್ಲದ ಕೆಲವನ್ನು ಇಲ್ಲಿ ಹೇಳ್ತೀನಿ.

ಮೊದಲನೆಯದು 'ತಿಥಿ'. ರಾಮ್ ರೆಡ್ಡಿ ನಿರ್ದೇಶನ, ಈರೇಗೌಡರ ಬರವಣಿಗೆ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದು, ಮರುವರ್ಷ ನಮ್ಮ ಥಿಯೇಟರುಗಳಿಗೆ ಬಂತು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಸುತ್ತಮುತ್ತ, ಕ್ಯಾಮೆರಾ ಮುಂದೆ ಎಂದೂ ನಿಲ್ಲದ ಜನರನ್ನೇ ಇಟ್ಟುಕೊಂಡು ತೆಗೆದದ್ದು. ದಾರಿ ಬದಿಯಲ್ಲಿ ಕೂತು ಹೋಗೋರು ಬರೋರನ್ನೆಲ್ಲ ಬಾಯಿಗೆ ಬಂದಂತೆ ಬೈತಾ ಇದ್ದ ನೂರೊಂದು ವರ್ಷದ ಸೆಂಚುರಿ ಗೌಡ, ಎದ್ದು ಸಂದಿಗೆ ಹೋಗಿ ಅಲ್ಲೇ ಬಿದ್ದು ಸತ್ತುಹೋಗ್ತಾನೆ. ಅಲ್ಲಿಂದ ಹನ್ನೊಂದನೇ ದಿನದ ತಿಥಿವರೆಗೆ ಕಥೆ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರುವ ಅವಸರ. ಜಮೀನು ತಾತನ ಹೆಸರಲ್ಲಿದೆ, ಅದು ಬರಬೇಕಾದ್ದು ಅಪ್ಪ ಗಡ್ಡಪ್ಪನಿಗೆ. ಗಡ್ಡಪ್ಪನಿಗೋ ಜಮೀನೂ ಬೇಡ, ಕಾಗದವೂ ಬೇಡ. ಗಡ್ಡ ಬಿಟ್ಟುಕೊಂಡು, ಬ್ರಾಂದಿ ಬಾಟಲಿ ಹಿಡಿದುಕೊಂಡು ಹೊಲದ ಬದುಗಳ ಮೇಲೆ ನಡೀತಾ ಇದ್ದರೆ ಆಯ್ತು. ಕೊನೆಗೆ ಮಗ ಒಂದು ದಾರಿ ಕಂಡುಹಿಡೀತಾನೆ. ಬದುಕಿರೋ ಅಪ್ಪನಿಗೇ ಸಾವಿನ ಸರ್ಟಿಫಿಕೇಟು ಮಾಡಿಸೋದು!

ಇದನ್ನು ಕೇಳಿದರೇ ನಗು ಬರುತ್ತೆ. ಆದರೆ ಸಿನಿಮಾ ನೋಡುವಾಗ ಆ ನಗು ತಮ್ಮಣ್ಣನ ಮೇಲೆ ಪೂರ್ತಿ ಬೀಳೋದಿಲ್ಲ, ಗಡ್ಡಪ್ಪನ ಮೇಲೂ ಬೀಳೋದಿಲ್ಲ. ತಮ್ಮಣ್ಣ ಕೆಟ್ಟವನಲ್ಲ. ಬಡ್ಡಿಗೆ ಸಾಲ ತಂದಿದ್ದಾನೆ, ಊರಿಗೆಲ್ಲ ಬಾಡೂಟ ಹಾಕಬೇಕು, ಮಗ ನೋಡಿದರೆ ಕುರಿಗಾಹಿ ಹುಡುಗಿಯೊಬ್ಬಳ ಹಿಂದೆ ಬಿದ್ದಿದ್ದಾನೆ. ಅಂಥ ಮನುಷ್ಯ ನಮ್ಮ ಪ್ರತಿ ಊರಲ್ಲೂ ಇದ್ದಾನೆ, ತಾಲ್ಲೂಕು ಆಫೀಸಿನ ಮೆಟ್ಟಿಲ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಪಹಣಿ ಹಿಡಿದುಕೊಂಡು ಕೂತಿರ್ತಾನೆ. ಗಡ್ಡಪ್ಪನೂ ಬರೀ ಕುಡುಕ ಅಲ್ಲ ಅನ್ನೋದು, ಅವನು ಕುರಿಗಾಹಿಗಳ ಜೊತೆ ಕೂತು ತನ್ನ ಹಿಂದಿನ ಕಥೆ ಹೇಳುವಾಗ ಗೊತ್ತಾಗುತ್ತೆ. ಅಲ್ಲಿ ಥಿಯೇಟರಿನ ನಗು ಥಟ್ಟನೆ ನಿಂತದ್ದನ್ನು ನಾನು ಕೇಳಿದ್ದೀನಿ. ಅದುವರೆಗೆ ಅವನ ಮಾತಿನ ಧಾಟಿಗೇ ನಗ್ತಾ ಇದ್ದ ಬೆಂಗಳೂರಿನ ಜನ, ಅದೇ ಧಾಟಿಯಲ್ಲಿ ಒಬ್ಬ ಮುದುಕ ತನ್ನ ದುಃಖವನ್ನು ಹೇಳೋದನ್ನ ತೆಪ್ಪಗೆ ಕೂತು ಕೇಳಿದರು. ಒಂದು ಭಾಷೆಗೆ ಮರ್ಯಾದೆ ಸಿಗೋದು ಹೀಗೆ ಕಣ್ರೀ, ಭಾಷಣದಿಂದಲ್ಲ.

'ಸಂಸ್ಕಾರ'ವನ್ನು ಇದರ ಪಕ್ಕದಲ್ಲಿಟ್ಟು ನೋಡಿ. 1970ರ ಆ ಚಿತ್ರದಲ್ಲೂ, ಅದಕ್ಕೆ ಮೂಲವಾದ ಅನಂತಮೂರ್ತಿಯವರ ಕಾದಂಬರಿಯಲ್ಲೂ ಇರೋದು ಒಂದು ಸಾವು ಮತ್ತು ಅದರ ಕರ್ಮ. ನಾರಣಪ್ಪನ ಹೆಣ ಅಗ್ರಹಾರದಲ್ಲಿ ಬಿದ್ದಿದೆ, ಸಂಸ್ಕಾರ ಯಾರು ಮಾಡಬೇಕು ಅಂತ ಶಾಸ್ತ್ರದ ಚರ್ಚೆ. ಗಂಭೀರ ಕೃತಿ ಅಂತ ನಾವೆಲ್ಲ ಮುಖ ಬಿಗಿದುಕೊಂಡು ಓದ್ತೀವಿ. ಆದರೆ ಚಂದ್ರಿ ತನ್ನ ಒಡವೆಗಳನ್ನು ಬಿಚ್ಚಿ ಮುಂದಿಟ್ಟ ಕೂಡಲೇ, ಬೇಡ ಅಂತಿದ್ದವರಿಗೆಲ್ಲ ಶವಸಂಸ್ಕಾರದ ಮೇಲೆ ಮನಸ್ಸಾಗುತ್ತಲ್ಲ, ಅದು ನಗುವ ಜಾಗವೇ. 'ತಿಥಿ' ನೋಡಿದ ಮೇಲೆ ನಾನು 'ಸಂಸ್ಕಾರ'ವನ್ನು ಮತ್ತೆ ಓದಿದೆ. ಅಲ್ಲಿನ ವ್ಯಂಗ್ಯ ಮೊದಲಿಗಿಂತ ಜೋರಾಗಿ ಕೇಳಿಸಿತು.

'ತಿಥಿ'ಯಲ್ಲಿ ಕೊರತೆ ಇಲ್ಲ ಅಂತಲ್ಲ. ಕುರಿಗಾಹಿ ಹುಡುಗಿ ಕಾವೇರಿಗೆ ಹುಡುಗ ಹಿಂಬಾಲಿಸೋದಕ್ಕೊಂದು ನೆಪ ಅನ್ನೋದಕ್ಕಿಂತ ಹೆಚ್ಚಿನ ಜಾಗ ಸಿಕ್ಕಿಲ್ಲ. ಹೆಂಗಸರಲ್ಲಿ ಬಡ್ಡಿ ಕಮಲಕ್ಕ ಒಬ್ಬಳೇ ನೆನಪಿನಲ್ಲಿ ಉಳಿಯೋದು. ಅದಕ್ಕಿಂತ ಬೇಜಾರಿನ ಸಂಗತಿ ಆಮೇಲಿನದು. ಈ ಚಿತ್ರದ ಮುದುಕರನ್ನು ಮುಂದೆ ಬೇರೆ ಬೇರೆ ಸಿನಿಮಾಗಳಿಗೆ ಕರೆದುಕೊಂಡು ಹೋಗಿ, ಬೈಗುಳ ಹೇಳಿಸಿ ನಗಿಸಿದರು. ಮುಖ ಅದೇ, ಮಾತು ಅದೇ; ನಗು ಮಾತ್ರ ಮತ್ತೆ ಹಳೇ ಜಾಗಕ್ಕೆ ಬಂದು ಬಿತ್ತು.

ಎರಡನೆಯದು ತೇಜಸ್ವಿಯವರ 'ಕರ್ವಾಲೊ', 1980ರದ್ದು. "ಅಯ್ಯೋ, ಅದನ್ನ ಓದಿದ್ದೀವಿ ಬಿಡ್ರೀ" ಅಂತೀರಿ ಅಂತ ಗೊತ್ತು. ಹಾರುವ ಓತಿಗಾಗಿ ಓದಿರ್ತೀರಿ. ಇನ್ನೊಂದು ಸಲ ಮಂದಣ್ಣನಿಗಾಗಿ ಓದಿ. ಜೇನು ಹುಡುಕಿಕೊಂಡು ಕಾಡು ಅಲೆಯುವ, ಒಂದು ಗೌರ್ಮೆಂಟ್ ಕೆಲಸ ಸಿಕ್ಕಿದರೆ ಮದುವೆಯಾಗಬಹುದು ಅಂತ ಆಸೆಪಡುವ, ಕಳ್ಳಭಟ್ಟಿ ಕೇಸಿನಲ್ಲಿ ಸಿಕ್ಕಿಬೀಳುವ ಈ ಮಂದಣ್ಣನನ್ನು ಕಥೆ ಹೇಳುವವನು ಮೊದಲಿಗೆ ಶತದಡ್ಡ ಅಂತಲೇ ಲೆಕ್ಕ ಹಾಕ್ತಾನೆ. ಓದುವ ನಾವೂ ಜೊತೆಗೂಡಿ ನಗ್ತೀವಿ. ಆದರೆ ದೊಡ್ಡ ವಿಜ್ಞಾನಿ ಕರ್ವಾಲೊ ಅವನ ಜೊತೆ ಸರಿಸಮಾನನ ಹಾಗೆ ಮಾತಾಡ್ತಾರೆ. ಯಾಕೆ ಅಂತ ತಲೆ ಕೆಡುತ್ತೆ. ಆ ಪ್ರಾಣಿಯನ್ನು ಕಣ್ಣಾರೆ ಕಂಡವನು ಇಡೀ ತಂಡದಲ್ಲಿ ಅವನೊಬ್ಬನೇ ಅನ್ನೋದು ತಲೆಗೆ ಹೊಕ್ಕುವ ಹೊತ್ತಿಗೆ, ನಗು ಸದ್ದಿಲ್ಲದೆ ಜಾಗ ಬದಲಾಯಿಸಿರುತ್ತೆ. ಈಗ ಅದು ಓದಿಕೊಂಡ ನಮ್ಮ ಮೇಲಿದೆ.

ತೇಜಸ್ವಿ ಇದಕ್ಕಾಗಿ ಉಪದೇಶ ಮಾಡೋದಿಲ್ಲ. ಕಿವಿ ನಾಯಿ, ಬಿರಿಯಾನಿ ಕರಿಯಪ್ಪ, ಕೋರ್ಟಿನ ಗಲಾಟೆ, ಎಲ್ಲವೂ ಊರ ಸುದ್ದಿಯ ಹಾಗೇ ಬರ್ತಾ ಹೋಗುತ್ತವೆ. ಕೊನೆ ಪುಟಗಳ ನಿಲುವು ಎಷ್ಟು ದೊಡ್ಡದು ಅಂದರೆ, ಅಷ್ಟು ಹೊತ್ತು ನಗಿಸದೆ ಇದ್ದಿದ್ದರೆ ನಾವು ಅದನ್ನು ತಡೆದುಕೊಳ್ಳುತ್ತಿರಲಿಲ್ಲವೇನೋ.

ಮೂರನೆಯದು ವಿವೇಕ ಶಾನಭಾಗರ 'ಘಾಚರ್ ಘೋಚರ್' (2013). ಶ್ರೀನಾಥ್ ಪೇರೂರ್ ಇಂಗ್ಲಿಷಿಗೆ ತಂದ ಮೇಲೆ ದೇಶದ ಹೊರಗೂ ಹೆಸರು ಮಾಡಿದ ಕೃತಿ. ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸಬಹುದು. ಚಿಕ್ಕ ಸಂಬಳದ ಮನೆಯೊಂದಕ್ಕೆ ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ದಿಢೀರನೆ ದುಡ್ಡು ಬರುತ್ತೆ. ಹಳೇ ಮನೆಯ ಇರುವೆ ಕಾಟ, ಅಮ್ಮ ಆ ಇರುವೆಗಳ ಮೇಲೆ ಸಾರಿದ ಯುದ್ಧ ಇವನ್ನೆಲ್ಲ ಓದ್ತಾ ಇದ್ದರೆ ಬಾಯ್ತುಂಬ ನಗು. ನಮ್ಮ ನಿಮ್ಮ ಮನೆಯೇ ಅದು. ಶೀರ್ಷಿಕೆಯ ಪದವೂ ಕಥೆ ಹೇಳುವವನ ಹೆಂಡತಿಯ ತವರಿನವರು ತಮ್ಮೊಳಗೇ ಹುಟ್ಟಿಸಿಕೊಂಡ, ಹೊರಗಿನವರಿಗೆ ತಿಳಿಯದ ಪದ. ಅಂಥದೊಂದು ಪದ ಎಲ್ಲರ ಮನೆಯಲ್ಲೂ ಇರುತ್ತಲ್ಲ?

ಆಮೇಲೊಂದು ದಿನ ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬ ಹೆಂಗಸು ಮನೆ ಬಾಗಿಲಿಗೆ ಬರ್ತಾಳೆ. ಅವನಿಗೆ ಇಷ್ಟ ಅಂತ ಬೇಳೆ ಸಾರು ಮಾಡಿಕೊಂಡು ತಂದಿದ್ದಾಳೆ. ಆ ಮನೆಯ ಹೆಂಗಸರು ಅವಳನ್ನು ಅಟ್ಟುವ ರೀತಿಯನ್ನು ಓದಿ. ಇಷ್ಟು ಹೊತ್ತೂ ನಾವು ಯಾರ ಜೊತೆ ಕೂತು ನಗ್ತಾ ಇದ್ದೆವೋ ಅವರೇ ಇವರು. ಮನೆಯೊಳಗಿನ ಒಗ್ಗಟ್ಟು ಅಂತ ನಾವು ಮೆಚ್ಚಿಕೊಂಡದ್ದು ಹೊರಗಿನವರಿಗೆ ಏನಾಗಿ ಕಾಣುತ್ತೆ ಅನ್ನೋದು ಅಲ್ಲಿ ಗೊತ್ತಾಗುತ್ತೆ. ಅಲ್ಲಿಂದ ಮುಂದೆ ಅದೇ ಹಗುರ ಧಾಟಿ ಮುಂದುವರೀತಾ ಹೋದರೂ ಬೆನ್ನು ತಣ್ಣಗಾಗುತ್ತೆ. ಕೊನೆ ಹೇಳೋದಿಲ್ಲ. ಓದಿ ಮುಗಿಸಿದ ಮೇಲೆ ನಿಮ್ಮ ಮನೆಯವರ ಜೊತೆ ಊಟಕ್ಕೆ ಕೂತು ನೋಡಿ, ಅಷ್ಟೇ.

ಮಕ್ಕಳ ಜೊತೆ ನೋಡೋದಕ್ಕೆ ಅಂತ ಕೇಳುವವರಿಗೆ ಶಂಕರ್ ನಾಗ್‌ರ 'ಮಾಲ್ಗುಡಿ ಡೇಸ್'. ಆರ್.ಕೆ. ನಾರಾಯಣರ ಕಥೆಗಳು, ಆಗುಂಬೆಯ ಬೀದಿ, ಎಲ್. ವೈದ್ಯನಾಥನ್‌ರ ಆ ಗುನುಗು, ಎಲ್ಲ ನಿಮಗೆ ಗೊತ್ತಿರೋದೇ. ಸ್ವಾಮಿಯ ಕಂತುಗಳನ್ನು ದೊಡ್ಡವರಾದ ಮೇಲೆ ನೋಡಿದರೆ ಗೊತ್ತಾಗೋದು ಬೇರೆ. ಚಿಕ್ಕಂದಿನಲ್ಲಿ ನಾವು ಮಾಸ್ಟರ್ ಮಂಜುನಾಥ್ ಪೇಚಾಡೋದನ್ನ ನೋಡಿ ನಕ್ಕಿದ್ದೆವು. ಈಗ ಗಿರೀಶ್ ಕಾರ್ನಾಡರ ಅಪ್ಪನ ಮುಖದಲ್ಲಿ ನಮ್ಮ ಗದರಿಕೆ ಕಂಡು ನಗ್ತೀವಿ.

ಕೊನೆಯದು ಒಂದು ಹಾಡು. ಕೋಳಿಯೊಂದು ಮಂಗನನ್ನು ನುಂಗಿತು ಅಂತ ಶುರುವಾಗುವ ಶಿಶುನಾಳ ಶರೀಫರ ತತ್ವಪದ. ಸ್ಕೂಲ್ ಡೇಯಲ್ಲಿ ಮಕ್ಕಳು ಕುಣಿಯೋದು ಇದಕ್ಕೇ. ಶರೀಫರ ಪದಗಳನ್ನು ಮನೆಮನೆಗೆ ಮುಟ್ಟಿಸಿದ್ದರಲ್ಲಿ ಸಿ. ಅಶ್ವಥ್‌ರ ಪಾಲು ದೊಡ್ಡದು. ನಾಗಾಭರಣರ 'ಸಂತ ಶಿಶುನಾಳ ಶರೀಫ' (1990) ಚಿತ್ರಕ್ಕೂ ಅವರದೇ ಸಂಗೀತ. ಪದದ ಉದ್ದಕ್ಕೂ ಅದು ಇದನ್ನು ನುಂಗುತ್ತೆ, ಇದು ಅದನ್ನು ನುಂಗುತ್ತೆ, ಲೋಕದ ಲೆಕ್ಕವೆಲ್ಲ ತಲೆಕೆಳಗು. ಮಕ್ಕಳು ಕೇಕೆ ಹಾಕ್ತಾರೆ. ಕಟ್ಟಕಡೆಗೆ ನುಂಗಿಸಿಕೊಳ್ಳುವ ಸರದಿ ಹಾಡುವವನದೇ. ಗುರು ಗೋವಿಂದ ಭಟ್ಟರ ಪಾದ ಅವನ ಆತ್ಮವನ್ನೇ ನುಂಗಿಬಿಡುತ್ತೆ. ಮುಸ್ಲಿಮರ ಮನೆಯಲ್ಲಿ ಹುಟ್ಟಿದವನೊಬ್ಬ, ಬ್ರಾಹ್ಮಣ ಗುರುವಿನ ಮುಂದೆ ತಾನು ಇಲ್ಲವಾದದ್ದನ್ನು ಹೇಳೋದಕ್ಕೆ ಅಳುವಿನ ದಾರಿ ಹಿಡಿಯದೆ ಕೋಳಿ ಮಂಗಗಳ ದಾರಿ ಹಿಡಿದ. ಇಲ್ಲಿ ನಗು ಬಿದ್ದದ್ದು ಯಾರ ಮೇಲೆ ಅಂದರೆ, ಹಾಡಿದವನ ಮೇಲೆ.

ಎಲ್ಲಿಂದ ಶುರು ಮಾಡೋದು ಅಂತ ಕೇಳಿದರೆ, ಹಾಡು ಇವತ್ತೇ ಕೇಳಿ, ಕೊನೇ ನುಡಿಯವರೆಗೆ ಕೇಳಿ. 'ಮಾಲ್ಗುಡಿ' ಮಕ್ಕಳ ರಜಕ್ಕೆ ಇರಲಿ. 'ಕರ್ವಾಲೊ' ಊರಿಗೆ ಹೋಗುವ ಬಸ್ಸಿಗೆ. 'ಘಾಚರ್ ಘೋಚರ್' ಒಬ್ಬರೇ ಇರುವಾಗ. 'ತಿಥಿ'ಯನ್ನು ಮಾತ್ರ ನಾಲ್ಕು ಜನ ಸೇರಿ ನೋಡಿ, ಸಾಧ್ಯವಾದರೆ ಊರಿನ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು. ನೀವು ನಗದ ಕಡೆ ಅವರು ನಗ್ತಾರೆ, ನೀವು ನಕ್ಕ ಕಡೆ ಅವರು ಸುಮ್ಮನಿರ್ತಾರೆ. ಯಾಕೆ ಅಂತ ಆಮೇಲೆ ಕೇಳಿ. ಸಿನಿಮಾಕ್ಕಿಂತ ಉದ್ದದ ಕಥೆ ಸಿಗಬಹುದು.